ಓದುಗನ ಕೊರಳಪಟ್ಟಿ ಹಿಡಿಯಲು ಕಲಿಸಿದ ಮಹನೀಯರಿಗೆ, ಅರ್ಜಿ ಬರೆಯುವವನೊಬ್ಬನ ಅರ್ಜಿ

ಮಾನ್ಯರೇ,

ವಿಷಯ: ತಮ್ಮ ಕೈಪಿಡಿಯಿಂದ ನನ್ನ ಮನೆಗೆ ಆಗಿರುವ ಉಪಕಾರವನ್ನು ತಮ್ಮ ಗಮನಕ್ಕೆ ತರುವ ಬಗ್ಗೆ.

ಲೇಖಕರನ್ನು ತಯಾರಿಸುವ ಲೇಖಕರೂ, ‘ಓದುಗನ ಕೊರಳಪಟ್ಟಿ ಹಿಡಿಯಿರಿ: ಇಪ್ಪತ್ತೊಂದು ದಿನಗಳಲ್ಲಿ ಉತ್ತಮ ಬರವಣಿಗೆ’ ಎಂಬ, ಈಗ ಒಂಬತ್ತನೆಯ ಮುದ್ರಣದಲ್ಲಿರುವ ಕೈಪಿಡಿಯ ಕರ್ತೃಗಳೂ ಆದ ತಮ್ಮ ಸನ್ನಿಧಾನಕ್ಕೆ, ಸರ್ಕಾರಿ ಕಚೇರಿಯೊಂದರ ಜಗಲಿಯಲ್ಲಿ ಮೇಜು ಹಾಕಿಕೊಂಡು ಇಪ್ಪತ್ತಾರು ವರ್ಷಗಳಿಂದ ಊರವರ ಅರ್ಜಿಗಳನ್ನು ಬರೆದುಕೊಡುತ್ತಿರುವ ಈ ಅಲ್ಪನ ನಮಸ್ಕಾರಗಳು. ತಾವು ಕುಶಲವೆಂದು ಭಾವಿಸುತ್ತೇನೆ. ಪುಸ್ತಕದ ಹಿಂಬದಿಯ ಚಿತ್ರದಲ್ಲಿ ತಾವು ಗಲ್ಲಕ್ಕೆ ಕೈಕೊಟ್ಟು ದೂರವೆಲ್ಲೋ ನೋಡುತ್ತಿರುವುದನ್ನು ಕಂಡು, ಪಾಪ, ಹಲ್ಲುನೋವಿರಬೇಕು ಎಂದು ಮೊದಲು ಮರುಗಿದ್ದೆ. ಅದು ಚಿಂತನೆ ಎಂದು ಆಮೇಲೆ ನನ್ನ ಹೆಂಡತಿ ತಿಳಿಹೇಳಿದಳು.

ವಿಷಯವನ್ನು ಮೊದಲ ಸಾಲಿನಲ್ಲೇ ಹೇಳಿಬಿಟ್ಟು ತಮ್ಮ ಕುತೂಹಲವನ್ನು ಕೊಂದದ್ದಕ್ಕೆ ಕ್ಷಮೆಯಿರಲಿ. ಅದು ತಮ್ಮ ನಾಲ್ಕನೆಯ ದಿನದ ಪಾಠಕ್ಕೆ ನೇರ ವಿರುದ್ಧವೆಂದು ಬಲ್ಲೆ. ಆದರೆ ಆ ಒಂದು ಸಾಲನ್ನು ಬಿಟ್ಟದ್ದರಿಂದ ಏನಾಯಿತೆಂದು ಹೇಳುವುದಕ್ಕೇ ಈ ಪತ್ರ ಬರೆಯುತ್ತಿರುವುದರಿಂದ, ಅದನ್ನು ಇನ್ನೊಮ್ಮೆ ಬಿಡುವ ಧೈರ್ಯ ನನಗಿಲ್ಲ.

ನನ್ನ ಕಸುಬಿನ ಪರಿಚಯ ತಮಗೆ ಇರಲಾರದು, ಏಕೆಂದರೆ ಅದರಲ್ಲಿ ಬರೆದದ್ದು ಉಪಯೋಗಕ್ಕೆ ಬರಬೇಕಾಗುತ್ತದೆ. ಮನೆಗೆ ನಲ್ಲಿ ಬೇಕಾದವರು, ಅಂಗಡಿಯ ಪರವಾನಗಿ ನವೀಕರಿಸಬೇಕಾದವರು, ಹುಟ್ಟಿದ ತಾರೀಕು ತಪ್ಪಾಗಿ ದಾಖಲಾಗಿ ಸ್ವಂತ ಅಣ್ಣನಿಗಿಂತ ಎರಡು ವರ್ಷ ದೊಡ್ಡವರಾದವರು, ಎಲ್ಲರೂ ನನ್ನ ಮೇಜಿನ ಮುಂದಿನ ಸ್ಟೂಲಿನ ಮೇಲೆ ಕೂತು ತಮ್ಮ ಕಷ್ಟವನ್ನು ತಲೆಬುಡವಿಲ್ಲದೆ ಹೇಳಿಕೊಳ್ಳುತ್ತಾರೆ. ನಾನು ಅದಕ್ಕೊಂದು ತಲೆ, ಒಂದು ಬುಡ ಇಟ್ಟು, ವಿಷಯ, ಉಲ್ಲೇಖ, ಕೋರಿಕೆ ಎಂದು ಮೂರು ಕಡೆ ಅಡಿಗೆರೆ ಎಳೆದು, ಒಂದು ಹಾಳೆಯಲ್ಲಿ ಮುಗಿಸಿ ಕೊಡುತ್ತೇನೆ. ಆ ಹಾಳೆ ಒಳಗೆ ಹೋದ ಮೇಲೆ, ಯಾವ ಕಚೇರಿಯೇ ಆಗಲಿ, ಮೊದಲು ಸಿಗುವುದು ಟಪಾಲು ಗುಮಾಸ್ತರ ಕೈಗೆ. ದಿನಕ್ಕೆ ಮುನ್ನೂರು ನಾನೂರು ಕಾಗದ ಒಡೆಯುವ ಆ ಪುಣ್ಯಾತ್ಮರು ‘ವಿಷಯ’ ಎಂಬ ಸಾಲೊಂದನ್ನು ಮಾತ್ರ ಓದಿ, ಸೀಲು ಹೊಡೆದು, ಬೆನ್ನ ಹಿಂದಿನ ಮರದ ಗೂಡುಗಳಲ್ಲಿ ಯಾವುದಕ್ಕೆ ಸೇರಬೇಕೋ ಅದಕ್ಕೆ ತುರುಕುತ್ತಾರೆ. ವಿಷಯದ ಸಾಲೇ ಇಲ್ಲದ ಕಾಗದಕ್ಕೆ ಕಟ್ಟಕಡೆಯಲ್ಲೊಂದು ಗೂಡಿದೆ. ಅದರ ಮೇಲೆ ‘ಇತರೆ’ ಎಂದು ಬರೆದಿರುತ್ತದೆ. ಇದನ್ನು ನನ್ನಂಥವರು ಕಸುಬಿಗೆ ಕೂತ ಮೊದಲ ದಿನವೇ ಕಲಿಯುತ್ತೇವೆ.

ನನ್ನ ಪಕ್ಕದ ಮೇಜಿನಲ್ಲಿ ಇನ್ನೊಬ್ಬರಿದ್ದಾರೆ. ಯಾರು ಬರಲಿ, ಎಂಥ ಕಷ್ಟ ತರಲಿ, ನಾಲ್ಕೇ ಸಾಲು ಬರೆಯುವುದರಿಂದ ಅವರಿಗೆ ‘ನಾಲ್ಕು ಸಾಲು’ ಎಂದೇ ಹೆಸರು ಬಿದ್ದಿದೆ. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿ, ಸಹಿ ಹಾಕಿಸಿಕೊಂಡು, ಮುಂದಿನವರು ಬನ್ನಿ ಎನ್ನುತ್ತಾರೆ. ಭಾಷೆಯ ಮೇಲೆ ಇಷ್ಟೂ ಪ್ರೀತಿಯಿಲ್ಲದ ಮನುಷ್ಯ ಎಂದು ನಾನು ಇಪ್ಪತ್ತಾರು ವರ್ಷ ಅವರನ್ನು ಕಂಡು ಮೂಗು ಮುರಿದವನು. ಅದನ್ನು ತಮ್ಮಿಂದ ಮುಚ್ಚಿಡುವುದಿಲ್ಲ.

ಇನ್ನು ನನ್ನ ತಂಗಿಯ ವಿಚಾರ. ಅವಳು ಸರ್ಕಾರಿ ಆಸ್ಪತ್ರೆಯೊಂದರಲ್ಲಿ ನರ್ಸ್. ಆಸ್ಪತ್ರೆ ಇರುವುದು ಇಲ್ಲಿಂದ ಬಸ್ಸಿನಲ್ಲಿ ಏಳು ಗಂಟೆ ದೂರದಲ್ಲಿ. ಗಂಡ ತೀರಿಕೊಂಡ ಮೇಲೆ, ಪಾಳಿಯ ಕೆಲಸದ ನಡುವೆ ಎರಡು ವರ್ಷದ ಕೂಸನ್ನು ನೋಡಿಕೊಳ್ಳುವವರು ಅಲ್ಲಿ ಯಾರೂ ಇಲ್ಲದ್ದರಿಂದ, ಮಗಳನ್ನು ನಮ್ಮ ಮನೆಯಲ್ಲಿ ಬಿಟ್ಟಳು. ನಾನು ಹೇಳಹೊರಟ ವರ್ಷದ ಹೊತ್ತಿಗೆ ಆ ಕೂಸಿಗೆ ಎಂಟು ತುಂಬಿತ್ತು. ತಾಯಿ ತಿಂಗಳಿಗೊಮ್ಮೆ ಬರುತ್ತಾಳೆ. ಬಂದ ದಿನ ಹುಡುಗಿ ನಾಚಿಕೊಂಡು ನನ್ನ ಹೆಂಡತಿಯ ಬೆನ್ನ ಹಿಂದೆ ನಿಲ್ಲುತ್ತಾಳೆ. ಹೊರಡುವ ದಿನ ತಾಯಿಯ ಚಪ್ಪಲಿ ಬಚ್ಚಿಡುತ್ತಾಳೆ. ಇಲಾಖೆಯವರು ವರ್ಗಾವಣೆ ಅರ್ಜಿ ತೆಗೆದುಕೊಳ್ಳುವುದು ವರ್ಷಕ್ಕೊಂದೇ ವಾರ. ಮೂರು ವರ್ಷ ನಾನೇ ಅರ್ಜಿ ಬರೆದೆ, ಮೂರು ವರ್ಷವೂ ಖಾಲಿ ಜಾಗವಿಲ್ಲವೆಂದು ವಾಪಸು ಬಂತು. ನಾಲ್ಕನೆಯ ವರ್ಷ ನಮ್ಮ ಊರಿನ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಹಿರಿಯ ನರ್ಸೊಬ್ಬರು ನಿವೃತ್ತರಾದರು. ತಂಗಿ ಫೋನು ಮಾಡಿ, “ಅಣ್ಣ, ಈ ಸಲ ಜಾಗ ಇದೆಯಂತೆ. ಸ್ವಲ್ಪ ಚೆನ್ನಾಗಿ ಬರಿ,” ಎಂದಳು. ಸಹಿ ಮಾಡಿದ ಖಾಲಿ ಹಾಳೆಯೊಂದನ್ನು ಅಂಚೆಯಲ್ಲಿ ಕಳಿಸಿಕೊಟ್ಟಳು, ಅಣ್ಣನ ಮೇಲೆ ಅಷ್ಟು ನಂಬಿಕೆ.

ಆ ‘ಚೆನ್ನಾಗಿ’ ಎಂಬ ಮಾತು ನನ್ನನ್ನು ಪುಸ್ತಕದಂಗಡಿಗೆ ಕರೆದೊಯ್ದಿತು. ಅಂಗಡಿಯಲ್ಲಿ ಓದುವ ಪುಸ್ತಕಗಳು ಬಾಗಿಲ ಮರೆಯ ಅರ್ಧ ಕಪಾಟಿನಲ್ಲಿದ್ದವು. ಬರೆಯುವುದು ಹೇಗೆಂದು ಕಲಿಸುವ ಪುಸ್ತಕಗಳು ನಡುಮನೆಯಲ್ಲಿ ಮೂರು ಕಪಾಟು ತುಂಬ ಮೆರೆಯುತ್ತಿದ್ದವು. ನಮ್ಮ ಜನರಲ್ಲಿ ಓದುವವರಿಗಿಂತ ಬರೆಯುವವರೇ ಹೆಚ್ಚಾಗಿರುವುದು ತಮ್ಮಂಥವರ ತಪಸ್ಸಿನ ಫಲವೆಂದು ಅಲ್ಲೇ ಮನದಟ್ಟಾಯಿತು. ತಮ್ಮ ಕೈಪಿಡಿಯ ಮೊದಲ ಪುಟದಲ್ಲಿ ತಮ್ಮ ಇತರ ಹದಿನಾಲ್ಕು ಕೃತಿಗಳ ಪಟ್ಟಿಯಿತ್ತು. ಹದಿನಾಲ್ಕೂ ಹೇಗೆ ಬರೆಯಬೇಕು ಎಂಬುದರ ಬಗ್ಗೆಯೇ ಇದ್ದವು. ಇಷ್ಟು ಬಲ್ಲವರು ಒಂದೇ ಒಂದು ಕಥೆಯನ್ನಾಗಲಿ ಪದ್ಯವನ್ನಾಗಲಿ ಬರೆಯುವ ಮೋಹಕ್ಕೆ ಬೀಳದೆ ಉಳಿದಿರುವುದು ಸಾಮಾನ್ಯ ಸಂಯಮವಲ್ಲ. ಕಾಲು ಒದ್ದೆ ಮಾಡಿಕೊಳ್ಳದೆ ದಡದಲ್ಲೇ ನಿಂತು ಒಂಬತ್ತು ಮುದ್ರಣಗಳಷ್ಟು ಜನರನ್ನು ನೀರಿಗಿಳಿಸಿದ ಈಜುಗಾರರನ್ನು ನಾನು ಬೇರೆ ಕಂಡಿಲ್ಲ.

ತಮ್ಮ ಪಾಠಗಳನ್ನು ಒಂದನ್ನೂ ತಪ್ಪಿಸಲಿಲ್ಲ, ಮಾನ್ಯರೇ. ಮೊದಲ ದಿನ ಕನ್ನಡಿಯ ಮುಂದೆ ನಿಂತು “ನಾನು ಲೇಖಕ” ಎಂದು ಏಳು ಸಲ ಹೇಳಿದೆ. ಬಟ್ಟೆ ಮಡಚುತ್ತಿದ್ದ ಹೆಂಡತಿ ಎದ್ದು ಬಂದು ಹಣೆ ಮುಟ್ಟಿ ನೋಡಿ ಹೋದಳು. ಮೂರನೆಯ ದಿನ ಒಂದು ಈರುಳ್ಳಿಯನ್ನು ಎದುರಿಗಿಟ್ಟುಕೊಂಡು, ಈರುಳ್ಳಿ ಎಂಬ ಪದವನ್ನೇ ಬಳಸದೆ ಅದರ ಬಗ್ಗೆ ಮುನ್ನೂರು ಪದ ಬರೆಯಬೇಕಿತ್ತು. ನೂರ ತೊಂಬತ್ತನೆಯ ಪದದ ಹೊತ್ತಿಗೆ ಅಡಿಗೆಗೆ ತಡವಾಗುತ್ತಿದೆಯೆಂದು ಅವಳು ಅದನ್ನು ಎತ್ತಿಕೊಂಡು ಹೋದದ್ದರಿಂದ, ಉಳಿದ ನೂರ ಹತ್ತನ್ನು ವಿರಹದಲ್ಲಿ ಬರೆದೆ. ಅವೇ ಚೆನ್ನಾಗಿದ್ದವು ಎಂದು ಈಗಲೂ ಅನ್ನಿಸುತ್ತದೆ.

ಹನ್ನೊಂದನೆಯ ದಿನದ ಪಾಠವನ್ನು ಕಲಿತ ಬಿಸಿಯಲ್ಲಿ ಕ್ಷೌರದಂಗಡಿಯವರೊಬ್ಬರಿಗೆ ಒಂದು ಅರ್ಜಿ ಬರೆದುಕೊಟ್ಟೆ. ಅಂಗಡಿ ಮುಚ್ಚಿದ್ದರೂ ಕರೆಂಟಿನ ಮೀಟರು ಓಡುತ್ತದೆ, ಬದಲಿಸಿಕೊಡಿ ಎಂಬುದಷ್ಟೇ ಅವರ ಕಷ್ಟ. ಹೇಳಬೇಡಿ, ಕಾಣಿಸಿ ಎಂದಿದ್ದಿರಲ್ಲ, ನಾನು ಕಾಣಿಸಿದೆ. ಮುಚ್ಚಿದ ಬಾಗಿಲು, ಕತ್ತಲಲ್ಲಿ ಕನ್ನಡಿ, ಖಾಲಿ ಕುರ್ಚಿ, ಗೋಡೆಯ ಮೂಲೆಯಲ್ಲಿ ತನ್ನಷ್ಟಕ್ಕೆ ತಿರುಗುತ್ತಿರುವ ಒಂದು ಚಕ್ರ. ವಾರದೊಳಗೆ ವಿದ್ಯುತ್ ಕಚೇರಿಯಿಂದ ಉತ್ತರ ಬಂತು: ತಮ್ಮ ಅಂಗಡಿಯ ವರ್ಣನೆ ತಲುಪಿದೆ, ತಮಗೆ ಏನಾಗಬೇಕೆಂದು ತಿಳಿಸುವುದು. ಅವತ್ತಿನಿಂದ ಆ ಮಹಾಶಯರು ನನ್ನ ತಲೆ ಕಂಡರೆ ಕತ್ತರಿ ಕೆಳಗಿಡುತ್ತಾರೆ. ನಾನು ಎರಡು ಬೀದಿ ದಾಟಿ ಹೋಗಿ ಕ್ಷೌರ ಮಾಡಿಸಿಕೊಳ್ಳುತ್ತೇನೆ. ಅಷ್ಟಕ್ಕೇ ಬುದ್ಧಿ ಬರಬೇಕಿತ್ತು. ಆದರೆ ನನ್ನ ತಲೆಗೆ ಹೋದದ್ದು ಆ ಕಚೇರಿಯವರಿಗೆ ರಸಿಕತೆ ಸಾಲದು ಎಂಬುದೊಂದೇ.

ಹೀಗೆ ಪಳಗಿದ ಕೈಯಿಂದ ತಂಗಿಯ ಅರ್ಜಿ ಬರೆಯಲು ಕೂತೆ. ‘ಒಂಬತ್ತನೆಯ ದಿನ: ಬರೆದ ಮೊದಲ ಪುಟವನ್ನು ಹರಿದು ಹಾಕಿ, ನಿಮ್ಮ ಬರಹ ನಿಜವಾಗಿ ಶುರುವಾಗುವುದು ಎರಡನೆಯ ಪುಟದಿಂದ’ ಎಂದು ತಾವು ದಪ್ಪಕ್ಷರದಲ್ಲಿ ಅಪ್ಪಣೆ ಕೊಡಿಸಿದ್ದೀರಿ. ನನ್ನ ಮೊದಲ ಪುಟದಲ್ಲಿ ಮೇಲಧಿಕಾರಿಯ ವಿಳಾಸ, ತಂಗಿಯ ಹೆಸರು, ಅವಳ ಸಿಬ್ಬಂದಿ ಸಂಖ್ಯೆ, ಖಾಲಿಯಿರುವ ಜಾಗದ ವಿವರ, ‘ವಿಷಯ: ವರ್ಗಾವಣೆ ಕೋರಿ’ ಎಂಬ ಸಾಲು, ಇಷ್ಟಿತ್ತು. ಹರಿದು ಹಾಕಿದೆ. ಹರಿಯುವಾಗ ಕೈ ಒಂದು ಕ್ಷಣ ತಡೆಯಿತು. ಹೀಗೆ ಕೈ ತಡೆಯುವುದು ಹೇಡಿ ಲೇಖಕನ ಲಕ್ಷಣವೆಂದು ಅದೇ ಪುಟದ ಕೆಳಗೆ ತಾವು ಮೊದಲೇ ಬರೆದಿಟ್ಟಿದ್ದಿರಿ. ಹಾಗಾಗಿ ಅರ್ಜಿ ಶುರುವಾದದ್ದು, “ಬಾಗಿಲ ಬಳಿ ಒಂದೇ ಚಪ್ಪಲಿ ಇತ್ತು” ಎಂದು. ಅಲ್ಲಿಂದ ಎರಡೂವರೆ ಪುಟ ಆ ಇನ್ನೊಂದು ಚಪ್ಪಲಿಯ ಹುಡುಕಾಟ: ಬೀದಿ ತುದಿಯಲ್ಲಿ ಹಾರನ್ ಹೊಡೆಯುವ ಬಸ್ಸು, ಮಂಚದ ಕೆಳಗೆ ಬಗ್ಗಿದ ತಾಯಿ, ಹಿಟ್ಟಿನ ಡಬ್ಬಿಗೆ ಒರಗಿಕೊಂಡು ಕದಲದೆ ನಿಂತ ಮಗು. ತಾಯಿಗೆ ಹೆಸರು ಕೊಡಲಿಲ್ಲ. ‘ಅವಳು’ ಎಂದರೆ ಎಲ್ಲ ತಾಯಂದಿರೂ ಆಗುತ್ತಾರೆಂದು ತಾವು ಹೇಳಿದ್ದಿರಿ. ವರ್ಗಾವಣೆ ಎಂಬ ಪದ ಎಲ್ಲೂ ಬರಲಿಲ್ಲ, ಈರುಳ್ಳಿಯ ಅಭ್ಯಾಸ ಅಲ್ಲಿ ಕೆಲಸಕ್ಕೆ ಬಂತು. ಕೋರಿಕೆ ಇರಬೇಕಾದ ಕಡೆ, ಮುಗಿತಾಯವನ್ನು ಓದುಗರ ಕೈಗೆ ಬಿಟ್ಟೆ. ತಂಗಿ ಸಹಿ ಮಾಡಿ ಕಳಿಸಿದ್ದ ಹಾಳೆಯನ್ನೇ ಕೊನೆಯ ಪುಟ ಮಾಡಿಕೊಂಡು, ಉತ್ತರ ತಪ್ಪಬಾರದೆಂದು ಕಸುಬಿನ ರೂಢಿಯಂತೆ ಲಕೋಟೆಯ ಹಿಂಬದಿಗೆ ನನ್ನ ಹೆಸರು ವಿಳಾಸ ಬರೆದು ಕಳಿಸಿದೆ. ಕಸುಬಿನ ರೂಢಿಗಳಲ್ಲಿ ಅವತ್ತು ಉಳಿದುಕೊಂಡದ್ದು ಅದೊಂದೇ.

ಕಾಗದ ಎಲ್ಲಿಗೆ ಹೋಯಿತೆಂದು ತಮಗೆ ಹೊಳೆದಿರಬಹುದು. ಇಲಾಖೆಯ ಮುಖ್ಯ ಕಚೇರಿಯ ಟಪಾಲು ಗುಮಾಸ್ತರು ಮೇಲಿಂದ ಕೆಳಗೆ ನೋಡಿದರು, ವಿಷಯ ಕಾಣಲಿಲ್ಲ, ‘ಇತರೆ’ ಗೂಡಿಗೆ ತುರುಕಿದರು. ಅವರದು ಎಳ್ಳಷ್ಟೂ ತಪ್ಪಿಲ್ಲ. ಇಲಾಖೆಯ ವಾರ್ಷಿಕ ಸಂಚಿಕೆಗಾಗಿ ಸಿಬ್ಬಂದಿಯವರಿಂದ, ಅವರ ಮನೆಯವರಿಂದ ಕಥೆ ಕವನ ಕರೆದಿದ್ದದ್ದೂ ಅದೇ ವಾರವಾಗಿದ್ದು, ಅವೆಲ್ಲ ಶೇಖರವಾಗುತ್ತಿದ್ದದ್ದೂ ಅದೇ ಗೂಡಿನಲ್ಲಿ. ಎರಡು ತಿಂಗಳಾದ ಮೇಲೆ ನನ್ನ ಹೆಸರಿಗೆ ಒಂದು ಕಾಗದ ಬಂತು. ತಾವು ಕಳುಹಿಸಿದ ಕಥೆಗೆ ಮೊದಲ ಬಹುಮಾನ ಬಂದಿದೆ. ತೀರ್ಪುಗಾರರಾಗಿದ್ದ ಮೇಲಧಿಕಾರಿಯವರು ಓದಿ ಕಣ್ಣೊರೆಸಿಕೊಂಡು, ಇಂಥ ತಾಯಂದಿರು ನಮ್ಮ ಇಲಾಖೆಯಲ್ಲೇ ಎಷ್ಟು ಮಂದಿ ಇದ್ದಾರೋ ಎಂದು ನಿಟ್ಟುಸಿರು ಬಿಟ್ಟರು, ಎಂದು ಅದರಲ್ಲಿತ್ತು. ವರ್ಗಾವಣೆ ಆದೇಶಗಳಿಗೆ ಸಹಿ ಹಾಕುವವರೂ ಅದೇ ಅಮ್ಮನವರು. ಕಣ್ಣೊರೆಸಿಕೊಂಡ ವಾರವೇ ನಮ್ಮ ಊರಿನ ಮಕ್ಕಳ ವಾರ್ಡಿನ ಜಾಗವನ್ನು, ಕ್ರಮಬದ್ಧವಾಗಿ ಅರ್ಜಿ ಹಾಕಿದ್ದ ಬೇರೊಬ್ಬರಿಗೆ ಕೊಟ್ಟರು. ಬಹುಮಾನವಾಗಿ ನನಗೆ ಒಂದು ಪ್ರಮಾಣಪತ್ರ, ಒಂದು ಗೋಡೆ ಗಡಿಯಾರ, ಉದಯೋನ್ಮುಖ ಲೇಖಕರಿಗೆ ಉಪಯುಕ್ತವೆಂದು ತಮ್ಮ ಕೈಪಿಡಿಯ ಒಂದು ಪ್ರತಿ ಬಂದವು.

ಇಲ್ಲಿ ನಾನು ತಮ್ಮನ್ನು ಹೊಗಳುವುದನ್ನು ಸ್ವಲ್ಪ ನಿಲ್ಲಿಸಿ ನನ್ನ ಮಾತೊಂದನ್ನು ಹೇಳಬೇಕು. ಆ ಕಾಗದ ಬಂದ ದಿನ ನನಗೆ ಖುಷಿಯಾಯಿತು. ಮೂರು ಸಲ ಓದಿದೆ. ಚಹಾ ತರುವವರಿಗೆ ಓದಿ ಹೇಳಿದೆ, ಕಚೇರಿಯ ಕಾವಲಿನವರಿಗೆ ಓದಿ ಹೇಳಿದೆ, ‘ನಾಲ್ಕು ಸಾಲು’ ಅವರಿಗೆ ಕೇಳಿಸಲೆಂದೇ ದನಿ ಎತ್ತಿ ಇನ್ನೊಮ್ಮೆ ಓದಿದೆ. ಸಂಚಿಕೆಯ ಹತ್ತು ಪ್ರತಿ ಬೇಕೆಂದು ಅವತ್ತೇ ಬರೆದು ಹಾಕಿದೆ. ಅದು ಕಥೆಯಲ್ಲ, ನನ್ನ ತಂಗಿಯ ಅರ್ಜಿ ಎಂಬುದು ಬೆಳಗಿನಿಂದ ಸಂಜೆಯವರೆಗೆ ಒಮ್ಮೆಯೂ ನನ್ನ ತಲೆಗೆ ಬರಲಿಲ್ಲ. ಮನೆಗೆ ಹೋಗಿ ಗಡಿಯಾರಕ್ಕೆ ಮೊಳೆ ಹೊಡೆಯುತ್ತಿದ್ದಾಗ ಹುಡುಗಿ ಬಂದು ಲಕೋಟೆಯ ಮೇಲಿನ ತನ್ನ ತಾಯಿಯ ಇಲಾಖೆಯ ಮುದ್ರೆ ನೋಡಿ, “ಮಾಮ, ಅಮ್ಮ ಯಾವತ್ತು ಬರ್ತಾಳಂತೆ?” ಎಂದು ಕೇಳಿದಳು. ಅರ್ಧ ಹೊಡೆದ ಮೊಳೆಯನ್ನು ಕಿತ್ತು ಕೆಳಗಿಟ್ಟೆ. ನಾಚಿಕೆಯಾಯಿತು. ಇಪ್ಪತ್ತಾರು ವರ್ಷ ಕಂಡವರ ಅರ್ಜಿಯನ್ನೆಲ್ಲ ಅಚ್ಚುಕಟ್ಟಾಗಿ ಬರೆದುಕೊಟ್ಟು, ಒಡಹುಟ್ಟಿದವಳ ಅರ್ಜಿಯಲ್ಲಿ ನನ್ನ ಹೆಸರು ಮೆರೆಸಿಕೊಂಡೆ.

ತಂಗಿ ಅದನ್ನು ಓದಿದ್ದು ತನ್ನ ಆಸ್ಪತ್ರೆಯ ಸೂಚನಾ ಫಲಕದಲ್ಲಿ. ಅವರ ಮೇಟ್ರನ್ ಅದನ್ನು ಸಂಚಿಕೆಯಿಂದ ಕತ್ತರಿಸಿ ಅಂಟಿಸಿದ್ದರಂತೆ. ಫೋನಿನಲ್ಲಿ ಅವಳು ನನ್ನನ್ನು ಬೈಯಲಿಲ್ಲ. “ಓದಿ ನಾನೂ ಅತ್ತೆ ಅಣ್ಣ. ವಾರ್ಡಿನಲ್ಲಿ ಎಲ್ಲರೂ ಅತ್ತರು. ಕಥೆ ತುಂಬಾ ಚೆನ್ನಾಗಿದೆ. ನನ್ನ ಅರ್ಜಿ ಏನಾಯ್ತು?” ಎಂದಳು. ಹೇಳಿದೆ. ಆ ಕಡೆ ಯಾವುದೋ ಮಗು ಅಳುತ್ತಿದ್ದದ್ದು, ಇನ್ನಾರೋ ಅವಳನ್ನು ಕೂಗಿ ಕರೆದದ್ದು ಕೇಳಿಸಿತು. ಡ್ಯೂಟಿ ಇದೆ, ಇಡ್ತೀನಿ ಎಂದು ಇಟ್ಟಳು.

ಆದ್ದರಿಂದ ಮಹನೀಯರಲ್ಲಿ ನನ್ನ ಸಣ್ಣಪುಟ್ಟ ಪ್ರಾರ್ಥನೆಗಳಿವೆ. ತಂಗಿ ಮಗಳನ್ನು ನೋಡಲು ಬರುವ ದಿನಗಳಲ್ಲಿ ತಾವು ದಯಮಾಡಿ ಅವಳ ವಾರ್ಡಿಗೆ ಹೋಗಿ ಅವಳ ಪಾಳಿ ಮಾಡಿಕೊಡಬೇಕು. ಜ್ವರ ಬಂದ ಮಕ್ಕಳಿಗೆ ಔಷಧಿಯನ್ನು ಹೇಳದೆ ಕಾಣಿಸುವುದು ಹೇಗೆಂದು ತಮಗೆ ಗೊತ್ತೇ ಇರುತ್ತದೆ. ಮಿಕ್ಕ ದಿನಗಳಲ್ಲಿ ಸಂಜೆ ಶಾಲೆ ಬಿಡುವ ಹೊತ್ತಿಗೆ ನಮ್ಮ ಮನೆಗೆ ಬಂದು, ಗಲ್ಲಕ್ಕೆ ಕೈಕೊಟ್ಟುಕೊಂಡೇ ಆದರೂ ಸರಿ, ಓದುಗರ ಕೈಗೆ ಬಿಟ್ಟ ಮುಗಿತಾಯ ಎಂದರೇನೆಂದು ಆ ಹುಡುಗಿಗೆ ತಿಳಿಯುವಂತೆ ವಿವರಿಸಬೇಕು. ನಾನು ಪ್ರಯತ್ನಿಸಿ ಸೋತಿದ್ದೇನೆ. ಮತ್ತು ಔಷಧಿ ಶೀಶೆಗಳ ಮೇಲೆ ಮಕ್ಕಳಿಂದ ದೂರವಿಡಿ ಎಂದು ಬರೆದಿರುತ್ತದಲ್ಲ, ಹಾಗೆಯೇ ಮುಂದಿನ ಮುದ್ರಣದಲ್ಲಿ ತಮ್ಮ ಕೈಪಿಡಿಯ ರಕ್ಷಾಪುಟದ ಮೇಲೆ, ‘ನಿಜವಾಗಿ ಏನಾದರೂ ಬೇಕಾಗಿರುವವರಿಂದ ದೂರವಿಡಿ’ ಎಂದು ಕೆಂಪಕ್ಷರದಲ್ಲಿ ಹಾಕಿಸಬೇಕು. ಏನೂ ಬೇಕಿಲ್ಲದವರಿಗೆ ತಮ್ಮ ಪುಸ್ತಕ ಬಹಳ ಒಳ್ಳೆಯದು, ಅದರಲ್ಲಿ ನನಗೆ ಅನುಮಾನವಿಲ್ಲ.

ಈ ವರ್ಷದ ವರ್ಗಾವಣೆಯ ವಾರ ಕಳೆದ ಸೋಮವಾರ ಶುರುವಾಯಿತು. ಬೆಳಗಿನ ಬಸ್ಸಿಗೆ ತಂಗಿ ಬಂದಳು, ಮನೆಗೂ ಹೋಗದೆ ನೇರ ಕಚೇರಿಯ ಜಗಲಿ ಹತ್ತಿದಳು. ನಾನು ಸ್ಟೂಲಿನ ಧೂಳು ಒರೆಸಿ, ಹೊಸ ಹಾಳೆ ತೆಗೆದು, ಮೇಲ್ಗಡೆ ‘ವಿಷಯ’ ಎಂದು ಬರೆದು ಕಾದಿದ್ದೆ. ಅವಳು ಬಂದು ನನ್ನ ಹೆಗಲು ಮುಟ್ಟಿ, “ಬೇಜಾರು ಮಾಡ್ಕೋಬೇಡ ಅಣ್ಣ,” ಎಂದು ಹೇಳಿ, ಪಕ್ಕದ ಮೇಜಿನ ಮುಂದೆ ಹೋಗಿ ಕೂತಳು. ‘ನಾಲ್ಕು ಸಾಲು’ ನನ್ನತ್ತ ಒಮ್ಮೆ ನೋಡಿದರು, ಅವಳ ಹೆಸರು ಕೇಳಿದರು, ಸಂಖ್ಯೆ ಕೇಳಿದರು, ಏನಾಗಬೇಕು ಎಂದು ಕೇಳಿದರು. ನನ್ನ ಮಗಳಿರೋ ಊರಿಗೆ ಬರಬೇಕು ಎಂದಳು. ಅವರು ಅದನ್ನು ಹಾಗೆಯೇ ಬರೆದರು. ಎಂದಿನಂತೆ ಗಟ್ಟಿಯಾಗಿ ಓದಿದರು. ಆಮೇಲೆ, ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಸಲ, ಹಾಳೆಯನ್ನು ನನ್ನ ಕಡೆ ಚಾಚಿ, “ತಿದ್ದೋದಿದ್ರೆ ನೋಡಿ,” ಎಂದರು. ತಿದ್ದುವುದು ಏನೂ ಇರಲಿಲ್ಲ. ನಾನು ಲಕೋಟೆಗೆ ಅಂಟು ಹಚ್ಚಿಕೊಟ್ಟೆ.

ಇಷ್ಟನ್ನು ತಮ್ಮ ಅಮೂಲ್ಯ ಸಮಯ ತೆಗೆದುಕೊಂಡು ನಿವೇದಿಸಿದ್ದಕ್ಕೆ ಮನ್ನಿಸಬೇಕಾಗಿ, ತಮ್ಮ ಇಪ್ಪತ್ತೊಂದೂ ದಿನಗಳನ್ನು ಚಾಚೂತಪ್ಪದೆ ಪಾಲಿಸಿದ,

ತಮ್ಮ ವಿಶ್ವಾಸಿಯಾಗಿದ್ದ
ಜಗಲಿಯ ಎರಡನೆಯ ಮೇಜಿನವನು

ತಾ.ಕ.: ಈ ಪತ್ರವನ್ನು ಮಡಚುವ ಹೊತ್ತಿಗೆ ತಮ್ಮ ಪ್ರಕಾಶಕರಿಂದ ಕಾಗದ ಬಂತು. ನನ್ನ ‘ಕಥೆ’ ತಮ್ಮ ಕಣ್ಣಿಗೆ ಬಿದ್ದಿದೆಯಂತೆ; ತಮ್ಮ ಪಾಠಗಳಿಂದ ಗೆದ್ದವನೊಬ್ಬನ ಮಾದರಿಯಾಗಿ ಅದನ್ನು ಹತ್ತನೆಯ ಮುದ್ರಣದಲ್ಲಿ ಸೇರಿಸಲು ಅನುಮತಿ ಕೋರಿದ್ದಾರೆ. ಅವರ ಕಾಗದದಲ್ಲಿ ವಿಷಯ, ಉಲ್ಲೇಖ, ಕೋರಿಕೆ ಮೂರೂ ಮೊದಲ ಪುಟದಲ್ಲೇ ಸ್ಪಷ್ಟವಾಗಿದ್ದದ್ದನ್ನು ಕಂಡು, ತಮ್ಮ ಪುಸ್ತಕವನ್ನು ತಮ್ಮ ಪ್ರಕಾಶಕರೇ ಓದಿಲ್ಲವೆಂದು ತಿಳಿದು ಸಮಾಧಾನವಾಯಿತು. ಅನುಮತಿ ಕೊಟ್ಟಿದ್ದೇನೆ. ಆ ಬರಹದ ಕೆಳಗೆ ಮಾತ್ರ ಈ ಮೂರು ವಾಕ್ಯಗಳು ಅಚ್ಚಾಗಬೇಕು, ಒಂದನ್ನೂ ಹರಿದು ಹಾಕಬಾರದು: ‘ಇದು ಕಥೆಯಲ್ಲ, ಅರ್ಜಿ. ಈ ವರ್ಷ ಆ ಊರಿನಲ್ಲಿ ಖಾಲಿ ಜಾಗವಿಲ್ಲ. ಮಗುವಿಗೆ ಈಗ ಒಂಬತ್ತು ವರ್ಷ.’